ಸೈಟ್ ಓಪನ್ ಆಗ್ತಿದೆ, ಮೇಲ್ ಮಾತ್ರ ಬರ್ತಿಲ್ಲ!

ಹೊಸ ವೆಬ್‌ಸೈಟ್ ಮಾಡಿಸಿದವರು ಮೊದಲು ನೋಡೋದು ಅದು ಫೋನ್‌ನಲ್ಲಿ ಚೆನ್ನಾಗಿ ಕಾಣುತ್ತಾ ಅಂತ. ಫೋಟೋ ಬಂತು, ವಾಟ್ಸ್ಆ್ಯಪ್ ಬಟನ್ ಕೆಲಸ ಮಾಡ್ತು, ಅಲ್ಲಿಗೆ ಖುಷಿ. ಅದೇ ಡೊಮೇನ್ ಹೆಸರಿನ ಇಮೇಲ್ ನಿಂತುಹೋಗಿದ್ದರೆ ಗೊತ್ತಾಗೋದು ದಿನಗಟ್ಟಲೆ ಆದ ಮೇಲೆ.

ಶಿರಸಿ ಹತ್ತಿರ ಹೋಂಸ್ಟೇ ನಡೆಸುವ ನಮ್ಮ ಚಿಕ್ಕಪ್ಪನಿಗೆ ಆಗಿದ್ದು ಇದೇ. ಡಿಸೆಂಬರ್ ರಜೆಗೆ ಮುಂಚೆ ಒಬ್ಬ ಡೆವಲಪರ್ ಕೈಲಿ ಸೈಟ್ ಹೊಸದು ಮಾಡಿಸಿದರು. ವಾರದ ಮೇಲೆ ನನಗೆ ಫೋನ್: "ಈ ಸಲ ಯಾರೂ ಬುಕಿಂಗ್ ಕೇಳ್ತಾನೇ ಇಲ್ವಲ್ಲೋ ಮಾರಾಯಾ!" ಜನ ಕೇಳ್ತಾನೇ ಇದ್ದರು. ಮೇಲ್ ಬರೋ ದಾರಿ ಮುಚ್ಚಿತ್ತು.

ಡೊಮೇನ್ ಅಂದ್ರೆ ಬರೀ ಹೆಸರು. ಆ ಹೆಸರಿಗೆ ಬಂದವರನ್ನು ಎಲ್ಲಿಗೆ ಕಳಿಸಬೇಕು ಅನ್ನೋದನ್ನು ಬರೆದಿಟ್ಟ ಪುಸ್ತಕವೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೋಕಪೆಟ್ರಿಸ್ ರೂಪಿಸಿದ ವ್ಯವಸ್ಥೆ, ಇವತ್ತಿಗೂ ಅದರ ಮೇಲೇ ಇಂಟರ್ನೆಟ್ ನಡೀತಿದೆ. ಪುಸ್ತಕದಲ್ಲಿ ಬೇರೆ ಬೇರೆ ಸಾಲುಗಳಿರುತ್ತವೆ. ಸೈಟ್ ಯಾವ ಸರ್ವರ್‌ನಲ್ಲಿದೆ ಅಂತ ಹೇಳೋದು ಎ ರೆಕಾರ್ಡ್. ಮೇಲ್ ಯಾರಿಗೆ ಕೊಡಬೇಕು ಅಂತ ಹೇಳೋದು ಎಂಎಕ್ಸ್ ರೆಕಾರ್ಡ್. ಎರಡಕ್ಕೂ ಸಂಬಂಧವೇ ಇಲ್ಲ. ಸೈಟ್ ಒಂದು ಕಂಪನಿಯಲ್ಲಿ, ಮೇಲ್ ಇನ್ನೊಂದರಲ್ಲಿ ಇರಬಹುದು.

ಸೈಟ್ ಬದಲಿಸೋಕೆ ಆ ಡೆವಲಪರ್ ಎ ರೆಕಾರ್ಡ್ ಒಂದನ್ನು ತಿದ್ದಿದ್ದರೆ ಸಾಕಿತ್ತು. ಅವರು ನೇಮ್‌ಸರ್ವರ್‌ಗಳನ್ನೇ ಬದಲಿಸಿದರು. ಅಂದ್ರೆ ಪೂರ್ತಿ ಪುಸ್ತಕವೇ ಬೇರೆ ಆಯ್ತು, ಹಳೆಯದರಲ್ಲಿದ್ದ ಎಂಎಕ್ಸ್ ಸಾಲುಗಳನ್ನು ಯಾರೂ ಹೊಸದಕ್ಕೆ ನಕಲು ಮಾಡಲಿಲ್ಲ. ಎಂಎಕ್ಸ್ ಇಲ್ಲದಿದ್ದರೆ ಮೇಲ್ ಕಳಿಸುವ ಸರ್ವರ್ ಎ ರೆಕಾರ್ಡ್‌ನ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತೆ. ಅಲ್ಲಿ ಚಿಕ್ಕಪ್ಪನ ಮೇಲ್‌ಬಾಕ್ಸ್ ಎಲ್ಲಿಂದ ಬರಬೇಕು? ಮೇಲ್ ವಾಪಸ್. "ತಲುಪಲಿಲ್ಲ" ಅನ್ನೋ ಸುದ್ದಿ ಹೋಗೋದು ಕಳಿಸಿದವರಿಗೆ, ನಮಗಲ್ಲ. ಆ ಅತಿಥಿಗಳು ಪಕ್ಕದ ಹೋಂಸ್ಟೇ ಬುಕ್ ಮಾಡ್ಕೊಂಡು ಹೋಗ್ತಾರೆ.

ಸರಿ ಮಾಡೋಕೆ ಬೇಕಾಗಿದ್ದು ಹತ್ತು ನಿಮಿಷ. ಆದರೆ ಲಾಗಿನ್ ಸಿಗೋಕೆ ಮೂರು ದಿನ ಬೇಕಾಯ್ತು, ಯಾಕಂದ್ರೆ ಡೊಮೇನ್ ಇದ್ದಿದ್ದು ಡೆವಲಪರ್ ಅಕೌಂಟ್‌ನಲ್ಲಿ, ಅವರದ್ದೇ ಇಮೇಲ್‌ನಲ್ಲಿ. ನನ್ನ ಪ್ರಕಾರ ಇಡೀ ವಿಷಯದಲ್ಲಿ ನಿಜವಾಗಿ ಹೆದರಬೇಕಾದ್ದು ಇದಕ್ಕೇ. ಬೋರ್ಡು, ವಿಸಿಟಿಂಗ್ ಕಾರ್ಡು, ಗೂಗಲ್ ಮ್ಯಾಪ್ ಎಲ್ಲದರ ಮೇಲೂ ಇರುವ ಹೆಸರು ಕಾಗದದ ಲೆಕ್ಕದಲ್ಲಿ ಇನ್ನೊಬ್ಬರದ್ದು. ಅವರು ರಿನ್ಯೂ ಮಾಡೋದು ಮರೆತರೆ ಹೆಸರೇ ಕೈತಪ್ಪಬಹುದು. ಹೂಈಸ್ ಹುಡುಕಾಟದಲ್ಲಿ ಈಗ ಮಾಲೀಕರ ವಿವರ ಹೆಚ್ಚಾಗಿ ಮುಚ್ಚಿರುತ್ತೆ, ಹಾಗಾಗಿ ರಿಜಿಸ್ಟ್ರಾರ್ ಅಕೌಂಟ್ ಒಳಗೇ ಹೋಗಿ ನೋಡಬೇಕು. ಅಪ್ಪನ ಅಂಗಡಿಯದೋ ಅಕ್ಕನ ಬೇಕರಿಯದೋ ಸೈಟ್ ಇದ್ದರೆ ಇವತ್ತೇ ಕೇಳಿ: ಲಾಗಿನ್ ಯಾರ ಹತ್ರ ಇದೆ?

"ಬದಲಾವಣೆ ಹರಡೋಕೆ 48 ಗಂಟೆ ಬೇಕು ಸರ್" ಅನ್ನೋ ಮಾತು ನೀವೂ ಕೇಳಿರ್ತೀರಿ. ಅಲ್ಲಿ ಏನೂ ಹರಡಲ್ಲ. ಹಳೇ ನಂಬರ್ ಫೋನ್‌ನಲ್ಲಿ ಸೇವ್ ಆಗಿರೋ ಹಾಗೆ, ಹಳೇ ಉತ್ತರವನ್ನು ನಡುವಿನ ಸರ್ವರ್‌ಗಳು ಇಟ್ಟುಕೊಂಡಿರುತ್ತವೆ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅಂತ ಹೇಳೋದು ಟಿಟಿಎಲ್, ಲೆಕ್ಕ ಸೆಕೆಂಡುಗಳಲ್ಲಿ. 86400 ಅಂದ್ರೆ ಒಂದು ದಿನ, 300 ಅಂದ್ರೆ ಐದು ನಿಮಿಷ. ಡಾಟ್ ಕಾಮ್ ಹೆಸರುಗಳ ನೇಮ್‌ಸರ್ವರ್ ಮಾಹಿತಿಗೆ ಇದು 172800, ಅಂದ್ರೆ ಸರಿಯಾಗಿ 48 ಗಂಟೆ. ಎ ರೆಕಾರ್ಡ್ ಬದಲಿಸೋದಾದರೆ ಒಂದೆರಡು ದಿನ ಮೊದಲೇ ಟಿಟಿಎಲ್ 300ಕ್ಕೆ ಇಳಿಸಿ, ಆಮೇಲೆ ಬದಲಿಸಿ. ಎಲ್ಲಾ ಸರಿಯಾದ ಮೇಲೆ ಮತ್ತೆ ಏರಿಸಿದರಾಯ್ತು.

ದೊಡ್ಡವರೂ ಇಲ್ಲಿ ಎಡವುತ್ತಾರೆ. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಕೈಕೊಟ್ಟು ಎಷ್ಟೋ ಆ್ಯಪ್‌ಗಳು ನಿಂತಿದ್ದು ನೆನಪಿದೆಯಾ? ಅವರದ್ದೇ ಆಟೊಮೇಷನ್ ಒಂದು ಡಿಎನ್‌ಎಸ್ ರೆಕಾರ್ಡನ್ನು ಖಾಲಿ ಮಾಡಿಟ್ಟಿತ್ತು.

ಇನ್ನೊಂದು ಸಾಲು, ಎಸ್‌ಪಿಎಫ್. ನಮ್ಮ ಡೊಮೇನ್ ಹೆಸರಲ್ಲಿ ಮೇಲ್ ಕಳಿಸೋಕೆ ಯಾರಿಗೆ ಅನುಮತಿ ಇದೆ ಅಂತ ಬರೆದಿಡುವ ಟೆಕ್ಸ್ಟ್ ರೆಕಾರ್ಡ್ ಇದು. ಬಿಲ್ಲಿಂಗ್ ಆ್ಯಪ್ ಸೇರಿಸುವಾಗ ಅದರವರು ಕೊಟ್ಟ ಸಾಲನ್ನು ಎರಡನೇ ಎಸ್‌ಪಿಎಫ್ ಆಗಿ ಹಾಕಿಬಿಡ್ತಾರೆ ಜನ. ಒಂದು ಡೊಮೇನ್‌ಗೆ ಒಂದೇ ಇರಬೇಕು, ಎರಡಿದ್ದರೆ ಆ ಪರಿಶೀಲನೆಯೇ ಫೇಲ್. ಹೊಸದನ್ನು ಹಳೇ ಸಾಲಿನೊಳಗೇ ಸೇರಿಸಿ. ಜಿಮೇಲ್, ಯಾಹೂ 2024ರ ಫೆಬ್ರವರಿಯಿಂದ ನಿಯಮ ಬಿಗಿ ಮಾಡಿವೆ, ಇದು ತಪ್ಪಿದ್ದರೆ ನಿಮ್ಮ ಬಿಲ್ ನೇರ ಸ್ಪ್ಯಾಮ್‌ಗೆ ಹೋದರೂ ಆಶ್ಚರ್ಯ ಇಲ್ಲ.

ಸೈಟ್ ಬದಲಿಸೋ ಮುಂಚೆ ಡಿಎನ್‌ಎಸ್ ಪೇಜಿನ ಎಲ್ಲಾ ಸಾಲುಗಳ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಗ್ರೂಪಿಗೆ ಹಾಕಿಡಿ. ಬದಲಾದ ದಿನ, ಆಮೇಲೆ ಮೂರನೇ ದಿನ, ಬೇರೆ ಜಿಮೇಲ್‌ನಿಂದ ಆ ಡೊಮೇನ್ ವಿಳಾಸಕ್ಕೆ ಒಂದು ಮೇಲ್ ಕಳಿಸಿ, ಅಲ್ಲಿಂದ ಉತ್ತರವನ್ನೂ ತರಿಸಿಕೊಳ್ಳಿ. ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ.