ನೀರು ಬಂದ ಊರು, ನೀರು ಬಾರದ ಊರು

ಕೃಷ್ಣೆಯ ದಂಡೆಗುಂಟ ಕಬ್ಬಿನ ಹಸುರು ತೂಗುವ ಅಥಣಿ ಸೀಮೆಯಲ್ಲಿಯೇ ಮೂಡಣದ ಐಗಳಿಯತ್ತ ಸಾಗಿದಂತೆ ಮಳೆಯನ್ನೇ ನೆಚ್ಚಿದ ಹೊಲಗಳು ಎದುರಾಗುವುದನ್ನು ಕಂಡವರಿಗೆ, ನೀರು ಬಂದ ಊರಿನ ಬಾಳೇ ಬೇಗನೆ ಬದಲಾಗುವುದೆಂಬ ಊಹೆ ಸಹಜವಾಗಿ ಮೂಡುತ್ತದೆ. ಇಂತಹ ಊಹೆಯನ್ನು ಒರೆಗೆ ಹಚ್ಚುವುದೇ ಸಮಾಜವಿಜ್ಞಾನದ ಕಾರ್ಯ.

1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದುಷಿ ಮಂಡ್ಯದ ಬಳಿಯ ಎರಡು ಹಳ್ಳಿಗಳ ಅಧ್ಯಯನಕ್ಕೆ ತೊಡಗಿ, ಅವುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ನಾಮಗಳನ್ನಿತ್ತು, ಮನೆಮನೆಯ ಆಯ-ವ್ಯಯಗಳನ್ನೂ ಜನರ ಪರಸ್ಪರ ಸಂಬಂಧಗಳನ್ನೂ ಬರೆದಿಟ್ಟರು. ನಾಲೆಯ ನೀರು ಪಡೆದ ವಂಗಲ ಕಬ್ಬು ಬೆಳೆದು ಸಿರಿವಂತವಾದರೂ, ಬೇಸಾಯದಲ್ಲಿಯೇ ನೆಲೆನಿಂತು ಹಳೆಯ ಕಟ್ಟುಕಟ್ಟಳೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಎತ್ತರದ ನೆಲದಿಂದಾಗಿ ನೀರು ದೊರೆಯದ ದಲೇನದ ಜನರಾದರೋ ಪಟ್ಟಣದ ನೌಕರಿ, ವ್ಯಾಪಾರ, ಗಾಡಿ ಬಾಡಿಗೆಗಳನ್ನು ಅರಸಿ ಹೊರಟುದರಿಂದ, ಆ ಊರಿನ ಸಾಮಾಜಿಕ ಸಂಬಂಧಗಳೇ ಹೆಚ್ಚು ಮಾರ್ಪಟ್ಟವು. 1962ರಲ್ಲಿ ಗ್ರಂಥರೂಪ ತಾಳಿದ ಈ ನಿರ್ಣಯವನ್ನು, ಹಳ್ಳಿಯ ಜಗಲಿಯ ಮೇಲೆ ಕುಳಿತು ಕೇಳದ ಯಾವ ಪಂಡಿತನೂ ಊಹಿಸಲಾರನು.

ಅಣೆಕಟ್ಟು ಕಣ್ಣಿಗೆ ಕಾಣುತ್ತದೆ. ಅದು ಮನೆಯೊಳಗೆ ತಂದ ಮಾರ್ಪಾಡು ಕಾಣದು. ಆದುದರಿಂದಲೇ ಲೋಕವು ಇಂಜಿನಿಯರನಿಗೆ ಸಲ್ಲಿಸುವ ಗೌರವವನ್ನು ಸಮಾಜಶೋಧಕನಿಗೆ ಸಲ್ಲಿಸಲು ಹಿಂದೆಗೆಯುತ್ತದೆ. ಐಗಳಿಯಂತಹ ಊರಿಗೆ ನೀರು ಬರಲೇಬೇಕು. ಆದರೆ ಆ ನೀರು ಯಾರ ಹೊಲವನ್ನು ತಣಿಸಿತು, ಯಾರ ಕೂಲಿಯನ್ನು ಹೆಚ್ಚಿಸಿತು, ಯಾರನ್ನು ಗುಳೆಯಿಂದ ತಡೆಯಿತು ಎಂಬುದನ್ನು ತಾಳ್ಮೆಯಿಂದ ಅರಿಯುವವರೂ ಅಷ್ಟೇ ಅವಶ್ಯ.