ಎರಡೂವರೆ ಅಡಿಯ ರೈಲುಹಾದಿ

ಜತ್ತ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ ಮಿರಜಕ್ಕೋ ಪಂಢರಪುರಕ್ಕೋ ಹೋಗುವ ವಿದ್ಯಾರ್ಥಿ ಮಿತ್ರರಿಗೆ, ಇದೇ ಸೀಮೆಯಲ್ಲಿ ಹಿಂದೆ ಒಂದು ಪುಟ್ಟ ರೈಲು ಓಡುತ್ತಿತ್ತೆಂದರೆ ನಂಬಿಕೆ ಬಾರದು. ಅವರ ತಂದೆತಾಯಿಗಳಿಗೆ ಅದರ ನೆನಪು ಚೆನ್ನಾಗಿಯೇ ಇದೆ. ಹಳಿಯಿಂದ ಹಳಿಗೆ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್ ಮಾತ್ರ. ಅದರ ನಿಧಾನ ನಡಿಗೆಯನ್ನು ಕಂಡು ಜನ ನಗುತ್ತಿದ್ದರು, ನಾನೂ ನಕ್ಕವನೇ. ಆದರೆ ಆ ರೈಲಿನ ಚಿಕ್ಕತನ ಚೆನ್ನಾಗಿ ಲೆಕ್ಕ ಹಾಕಿ ಮಾಡಿದ್ದೆಂಬುದು ಬಹಳ ತಡವಾಗಿ ತಿಳಿಯಿತು.

ಬಾರ್ಶಿ ಆ ಕಾಲಕ್ಕೆ ಹತ್ತಿಯ ದೊಡ್ಡ ಪೇಟೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ದೊಡ್ಡ ಹಳಿ ಮಾತ್ರ ಇಪ್ಪತ್ತು ಮೈಲಿಗೂ ಹೆಚ್ಚು ದೂರದ ಕುರ್ಡುವಾಡಿಯ ಮೇಲೆ ಹಾದುಹೋಗಿತ್ತು. ನಡುವಿನ ದಾರಿಗೆಲ್ಲ ಎತ್ತಿನ ಬಂಡಿಯೇ ಗತಿ. ಅದೇ ರೈಲ್ವೆಯಲ್ಲಿ ಕೆಲಸ ಮಾಡಿದ್ದ ಎವೆರಾರ್ಡ್ ಕ್ಯಾಲ್‌ತ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರು 1895ರಲ್ಲಿ ಬಾರ್ಶಿ ಲೈಟ್ ರೈಲ್ವೆ ಕಂಪನಿಯನ್ನು ಕಟ್ಟಿದರು. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಗಾಡಿ ಓಡಿತು.

ಕ್ಯಾಲ್‌ತ್ರಾಪ್ ಹಿಡಿದ ಸೂತ್ರ ಬಲು ಸರಳ. ಇಂಜಿನಾಗಲಿ, ಡಬ್ಬಿಯಾಗಲಿ, ಯಾವ ಇರುಸಿನ ಮೇಲೂ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು. ಭಾರ ಹೆಚ್ಚಬೇಕಾದರೆ ಇರುಸುಗಳನ್ನು ಹೆಚ್ಚಿಸಬೇಕು. ಆದ್ದರಿಂದ ಮೊದಲ ಇಂಜಿನುಗಳಿಗೆ ಎಂಟು ಚಾಲಕ ಚಕ್ರಗಳು, ಹಿಂದೆ ನಾಲ್ಕು ಚಿಕ್ಕ ಚಕ್ರಗಳು, ಒಟ್ಟು ಆರು ಇರುಸುಗಳು. ಹೀಗೆ ಭಾರ ಹಂಚಿಹೋದುದರಿಂದ ಮೀಟರಿಗೆ ಸುಮಾರು 15 ಕಿಲೋ ತೂಗುವ ಹಗುರ ಹಳಿಯೇ ಸಾಕಾಯಿತು. ಇಂದು ಮುಖ್ಯ ಮಾರ್ಗಗಳಲ್ಲಿ ಹಾಸುವ ಹಳಿ ಮೀಟರಿಗೆ 60 ಕಿಲೋ! ಗಾಡಿಗಳನ್ನು ಇಲ್ಲಿಗೆ ಕಳಿಸುವ ಮುನ್ನ ಅವರು ಇಂಗ್ಲೆಂಡಿನ ಲೀಡ್ಸ್ ಬಳಿ ಒಂದು ಪರೀಕ್ಷಾ ಹಾದಿ ಹಾಸಿ ಓಡಿಸಿ ತೋರಿಸಿದ್ದರು. (ಇದೇ ಮನುಷ್ಯ ಮುಂದೆ ವಿಮಾನ ಚಾಲಕರಿಗಾಗಿ ಪ್ಯಾರಾಚೂಟ್ ಮಾಡಲು ಹೊರಟರು. ತೂಕದ ಚಿಂತೆ ಅವರನ್ನು ಬಿಟ್ಟಂತೆ ಕಾಣುವುದಿಲ್ಲ.)

ಹಾದಿ ಬೆಳೆಯುತ್ತ ಹೋಯಿತು. ಒಂದು ಕಡೆ ಪಂಢರಪುರ, ಇನ್ನೊಂದು ಕಡೆ ನಿಜಾಮರ ಸೀಮೆಯ ಲಾತೂರ, ಕೊನೆಗೆ 1927ರಲ್ಲಿ ಮಿರಜ. ಒಟ್ಟು 202 ಮೈಲಿ. ಆಷಾಢ ಏಕಾದಶಿಗೆ ವಿಠ್ಠಲನ ದರ್ಶನಕ್ಕೆ ಹೊರಟವರಿಗೆ ಇದೇ ರೈಲು.

ಹಳಿ ಹಗುರವಾದರೂ ಕೆಲಸ ಹಗುರವಾಗಿರಲಿಲ್ಲ. ನಮ್ಮ ಕಡೆಯ ಎರೆಭೂಮಿಯ ಗುಣ ರೈತರ ಮಕ್ಕಳಿಗೆ ಗೊತ್ತೇ ಇದೆ: ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಅದರ ಮೇಲೆ ಹಾಸಿದ ಹಳಿ ನೆಟ್ಟಗೆ ನಿಲ್ಲಬೇಕಾದರೆ ಗ್ಯಾಂಗಿನವರು ಜಲ್ಲಿ ಬಡಿದು ಎತ್ತಿ ಕೂರಿಸುತ್ತಲೇ ಇರಬೇಕು. ಕೀಮ್ಯಾನ್ ಎಂಬ ನೌಕರನಂತೂ ಸುತ್ತಿಗೆ ಹೆಗಲಿಗಿಟ್ಟು ತನ್ನ ಪಾಲಿನ ಹಾದಿಯನ್ನು ದಿನವೂ ನಡೆದು ನೋಡಬೇಕು. ಸಡಿಲಾದ ಬೆಣೆ ಕಂಡರೆ ಬಡಿಯಬೇಕು, ಹಳಿ ಒಡೆದಿದ್ದರೆ ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸಬೇಕು. ಗಾಡಿಯೊಳಗೆ ಕುಳಿತವರಿಗೆ ಆತನ ಮುಖ ಒಂದು ಕ್ಷಣ ಕಂಡು ಮರೆಯಾಗುತ್ತಿತ್ತು, ಅಷ್ಟೇ. ಇಂಜಿನಿನಲ್ಲಿ ಫೈರ್‌ಮ್ಯಾನ್ ಬೆಂಕಿಯ ಬಾಯಿಗೆ ಕಲ್ಲಿದ್ದಲು ಎಸೆಯುತ್ತ ನೀರಿನ ಮಟ್ಟದ ಮೇಲೂ ಕಣ್ಣಿಡಬೇಕು. ಕುಲುಮೆಯ ನೆತ್ತಿಯ ಮೇಲೆ ನೀರು ತಪ್ಪಿದರೆ ಅನಾಹುತವೇ.

ಎಲ್ಲಕ್ಕಿಂತ ಕಷ್ಟದ ಕೆಲಸ ಹಮಾಲರದ್ದು. ಚಿಕ್ಕ ಹಳಿಯ ಡಬ್ಬಿ ದೊಡ್ಡ ಹಳಿಯ ಮೇಲೆ ಓಡಲಾರದಷ್ಟೆ? ಬಾರ್ಶಿಯಿಂದ ಬಂದ ಹತ್ತಿಯ ಅಂಡಿಗೆಗಳನ್ನು ಕುರ್ಡುವಾಡಿಯಲ್ಲಿ ಒಂದೊಂದಾಗಿ ಇಳಿಸಿ, ಪಕ್ಕದ ದೊಡ್ಡ ಡಬ್ಬಿಗೆ ಏರಿಸಬೇಕು. 1971ರ ಬಳಿಕ ಮಿರಜದಲ್ಲಂತೂ ಪುಣೆಗೆ ಬ್ರಾಡ್‌ಗೇಜ್, ಬೆಳಗಾವಿಗೆ ಮೀಟರ್‌ಗೇಜ್, ಕುರ್ಡುವಾಡಿಗೆ ನ್ಯಾರೋಗೇಜ್ ಎಂದು ಮೂರು ಅಳತೆಯ ಹಳಿಗಳಿದ್ದವು. ಹಳಿ ಹಾಸುವಾಗ ಉಳಿಸಿದ ಹಣವನ್ನು ಕೊನೆಗೆ ಹಮಾಲರ ಬೆನ್ನು ತೆತ್ತಿತೆಂದು ನನ್ನ ಅಭಿಪ್ರಾಯ. ಆ ಕೂಲಿಯಿಂದಲೇ ಅನೇಕ ಮನೆಗಳ ಒಲೆ ಉರಿಯಿತೆಂಬುದೂ ಸುಳ್ಳಲ್ಲ.

1954ರ ಜನವರಿ 1ರಂದು ಸರ್ಕಾರ ಕಂಪನಿಯನ್ನು ಕೊಂಡಿತು. ಲಂಡನ್ನಿನ ಮಾಲೀಕತ್ವ ಮುಗಿದು, ಹಾದಿ ಮಧ್ಯ ರೈಲ್ವೆಗೆ ಸೇರಿತು. 2000ದ ದಶಕದಲ್ಲಿ ಹಂತ ಹಂತವಾಗಿ ಚಿಕ್ಕ ಹಳಿ ಕಿತ್ತು ಬ್ರಾಡ್‌ಗೇಜ್ ಹಾಸಿದರು. ಸರಕು ಇಳಿಸಿ ಏರಿಸುವ ಕೆಲಸ ಅಲ್ಲಿಗೆ ನಿಂತಿತು. ಪುಟ್ಟ ಇಂಜಿನು, ಡಬ್ಬಿಗಳ ದುರಸ್ತಿಯಲ್ಲೇ ಬದುಕಿದ್ದ ಕುರ್ಡುವಾಡಿಯ ಕಾರ್ಯಾಗಾರದ ಗತಿ ಏನೆಂದು ಆಗ ಅಲ್ಲಿಯ ಕುಟುಂಬಗಳು ಚಿಂತಿಸಿದ್ದು ಸಹಜವೇ. ಕಾರ್ಯಾಗಾರ ಮುಚ್ಚಲಿಲ್ಲ, ಅದಕ್ಕೆ ಬೇರೆ ಕೆಲಸ ಒದಗಿತು. ಈ ಸಲ ಪಂಢರಪುರದ ಆಚೆಗೆ ಪ್ರಯಾಣ ಬೆಳೆಸುವವರು ಕುರ್ಡುವಾಡಿ ಬಂದಾಗ ಕಿಟಕಿಯಿಂದ ಒಮ್ಮೆ ಹೊರಗೆ ನೋಡಿರಿ.