ನಿಲ್ಲಿಸಿದ್ದ ಕಾರಿಗೆ ಗುದ್ದಿದ್ಯಾರು?

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಗೆ ನಾದಿನಿ ಮನೆ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿಸಿ ಬಂದು ನೋಡಿದರೆ ರಸ್ತೆ ಬದಿ ನಿಲ್ಲಿಸಿದ್ದ ನಮ್ಮ ಕಾರಿನ ಬಾಗಿಲು ಒಳಕ್ಕೆ ಹೋಗಿದೆ! ಕೈಗಾರಿಕಾ ಪ್ರದೇಶ, ಲಾರಿಗಳ ಓಡಾಟ, ಯಾರನ್ನಂತ ಕೇಳೋದು?

'ಇನ್ಶೂರೆನ್ಸ್ ಇದೆಯಲ್ರೀ' ಅಂದೆ. ಯಜಮಾನರು ಲೆಕ್ಕ ಬಿಡಿಸಿ ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಬರೀ ಥರ್ಡ್ ಪಾರ್ಟಿ ಪಾಲಿಸಿಯಿದ್ದರೆ ನಮ್ಮ ಕಾರಿನ ರಿಪೇರಿಗೆ ಬಿಡಿಗಾಸೂ ಸಿಗಲ್ಲ. ಕಾಂಪ್ರಹೆನ್ಸಿವ್ ಇದ್ದರೂ 1500 ಸಿಸಿವರೆಗಿನ ಕಾರಿಗೆ ಮೊದಲ 1000 ರೂಪಾಯಿ ನಮ್ಮ ಕೈಯಿಂದಲೇ. ಅದಕ್ಕಿಂತ ದೊಡ್ಡ ಪೆಟ್ಟು ನೋ ಕ್ಲೇಮ್ ಬೋನಸ್‌ಗೆ. ಐದು ವರ್ಷ ಕ್ಲೇಮ್ ಮಾಡದೆ ಕಾಪಾಡಿಕೊಂಡ ಶೇ 50ರ ರಿಯಾಯಿತಿ, ತಪ್ಪು ನಮ್ಮದಲ್ಲದಿದ್ದರೂ, ಒಂದೇ ಕ್ಲೇಮ್‌ಗೆ ಸೊನ್ನೆ! (ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ ಕೊಂಡಿದ್ದರೆ ಮಾತು ಬೇರೆ.) ಟಿಂಕರಿಂಗ್‌ನವನು ಕೇಳಿದ್ದು 3500. ಕೈಯಿಂದಲೇ ಕೊಟ್ಟೆವು.

ಪೆಟ್ಟು ಜೋರಾಗಿದ್ದರೆ ಮಾತ್ರ ಸುಮ್ಮನಿರಬೇಡಿ. ಕಾರು ಅಲುಗಿಸುವ ಮೊದಲೇ ಮೊಬೈಲ್‌ನಲ್ಲಿ ಫೋಟೊ ತೆಗೀರಿ, ಪೊಲೀಸರಿಗೆ ದೂರು ಕೊಡಿ, ರಿಪೇರಿಗೆ ಮುಂಚೆ ವಿಮೆಯವರಿಗೆ ತಿಳಿಸಿ. ಎದುರಂಗಡಿಯ ಸಿಸಿಟಿವಿ ಅಂದೇ ನೋಡಿ. ಹಳೆಯದು ತಾನಾಗಿ ಅಳಿಸಿಹೋಗುತ್ತೆ.

ನಾವೂ ನೋಡೋಕೆ ಹೊರಟಿದ್ದೆವು. ನಾದಿನಿ ಕೈಹಿಡಿದು ತಡೆದಳು, 'ಬೇಡ ಅತ್ತಿಗೆ, ನಮ್ಮ ನೆಂಟರ ಕಾರೇ ಆಗಿದ್ರೆ?' ಹೌದಲ್ಲ, ಬೆಳಿಗ್ಗೆ ನಮ್ಮ ಕಾರಿನ ಹಿಂದೆ ಮುಂದೆ ಏಳೆಂಟು ಕಾರು ನಿಂತಿದ್ದವು.